ಮನೆಗೆ ಮೋಷನ್ ರಿಗ್: ತರಿಸುವ ಮೊದಲು ಎಲ್ಲರೂ ಕೇಳುವ ಪ್ರಶ್ನೆಗಳು

ಮೂರು ವರ್ಷದಿಂದ ನಮ್ಮ ಮನೆಯ ಒಂದು ಕೋಣೆಯನ್ನು ಮೋಷನ್ ರಿಗ್ ಆಕ್ರಮಿಸಿಕೊಂಡಿದೆ. ರೇಸಿಂಗ್ ಆಟದ ಕಾರು ಅಲುಗಿದಂತೆ ಕೂತವರನ್ನೂ ಅಲುಗಾಡಿಸುವ ಯಂತ್ರ ಅದು. ನೋಡಲು ಬಂದವರು, ಫೋನ್ ಮಾಡಿದವರು, ಗೆಳೆಯರ ಗೆಳೆಯರು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ವೀಲು, ಪೆಡಲು ಇಟ್ಟುಕೊಂಡು ಈಗಾಗಲೇ ಸಿಮ್ ರೇಸಿಂಗ್ (ನಿಜದ ಕಾರಿನಂತೆಯೇ ಓಡಿಸುವ ಕಂಪ್ಯೂಟರ್ ರೇಸ್) ಆಡುತ್ತಿರುವವರಿಗಾಗಿ ಬರೆದದ್ದು. ಇನ್ನೂ ಶುರು ಮಾಡದವರು ಮೊದಲ ಪ್ರಶ್ನೆ ಓದಿ ಅಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ.

ಮೋಷನ್ ಹಾಕಿಸಿಕೊಂಡರೆ ಲ್ಯಾಪ್ ಟೈಮ್ ಕಡಿಮೆ ಆಗುತ್ತಾ?

ಇಲ್ಲ. ಮೊದಲ ಎರಡು ವಾರ ಹೆಚ್ಚೇ ಆಗುತ್ತದೆ. ಆನ್‌ಲೈನ್ ರೇಸ್‌ಗಳಲ್ಲಿ ನನ್ನನ್ನು ಸುತ್ತು ಹಾಕಿ ಹೋಗುವ ಹುಡುಗರಲ್ಲಿ ಹೆಚ್ಚಿನವರು ಅಲುಗಾಡದ ಕುರ್ಚಿಯಲ್ಲೇ ಕೂತಿರುತ್ತಾರೆ.

ಮೋಷನ್‌ನಿಂದ ಸಿಗುವ ಲಾಭವೇ ಬೇರೆ. ಕಾರಿನ ಹಿಂಭಾಗ ಜಾರತೊಡಗಿದ್ದು ಪರದೆಯಲ್ಲಿ ಕಾಣುವ ಮೊದಲೇ ಸೊಂಟಕ್ಕೆ ತಿಳಿಯುತ್ತದೆ. ಮುಂದಿನ ಚಕ್ರ ಕರ್ಬ್ (ಟ್ರ್ಯಾಕಿನ ಅಂಚಿನ ಹಲ್ಲುಹಲ್ಲಾದ ಪಟ್ಟಿ) ಹತ್ತಿತಾ, ಹತ್ತಲಿಲ್ಲವಾ ಎಂಬುದಕ್ಕೆ ಕಿವಿ ಕೊಡಬೇಕಾಗಿಲ್ಲ. ಒಂದು ಗಂಟೆಯ ರೇಸಿನಲ್ಲಿ ತಪ್ಪುಗಳು ಕಡಿಮೆಯಾಗುತ್ತವೆ. ನನ್ನ ವೇಗದ ಲ್ಯಾಪ್ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಇದೆ, ಕೆಟ್ಟ ಲ್ಯಾಪ್‌ಗಳು ಮಾತ್ರ ಕಡಿಮೆಯಾಗಿವೆ.

ಲ್ಯಾಪ್ ಟೈಮೇ ಬೇಕಾದರೆ ಮೊದಲು ಲೋಡ್ ಸೆಲ್ ಇರುವ ಬ್ರೇಕ್ ಪೆಡಲ್ ತೆಗೆದುಕೊಳ್ಳಿ. ಅದು ಕಾಲು ಎಷ್ಟು ದೂರ ಹೋಯಿತು ಎಂದು ನೋಡದೆ, ಎಷ್ಟು ಜೋರಾಗಿ ಒತ್ತಿತು ಎಂದು ಅಳೆಯುತ್ತದೆ. ಅದಾದ ಮೇಲೆ ಬಗ್ಗದ ಫ್ರೇಮು, ಅದಾದ ಮೇಲೆ ಬೆಲ್ಟು ಗೇರಿಲ್ಲದೆ ಮೋಟರಿಗೇ ನೇರ ಕೂರುವ ಡೈರೆಕ್ಟ್ ಡ್ರೈವ್ ವೀಲು. ಮಡಚುವ ಕುರ್ಚಿಯ ಕೆಳಗೆ ಆಕ್ಚುಯೇಟರ್ (ರಿಗ್ಗನ್ನು ಎತ್ತಿ ಇಳಿಸುವ ಮೋಟರ್ ಕಾಲು) ಇಡುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದ ಹಾಗೆ.

ಪಿಚ್, ರೋಲ್, ಹೀವ್ ಅಂತೆಲ್ಲ ಹೇಳ್ತಾರಲ್ಲ, ಏನವು?

ಒಂದು ವಸ್ತು ಆರು ಬಗೆಯಲ್ಲಿ ಅಲುಗಾಡಬಹುದು. ಮೂಗು ತಗ್ಗುವುದು, ಏಳುವುದು ಪಿಚ್. ಎಡಕ್ಕೆ ಬಲಕ್ಕೆ ವಾಲುವುದು ರೋಲ್. ಇಡೀ ದೇಹ ಮೇಲೆ ಕೆಳಗೆ ಹೋದರೆ ಹೀವ್. ಕೂತಲ್ಲೇ ಎಡಬಲಕ್ಕೆ ತಿರುಗಿದರೆ ಯಾ (yaw). ಮುಂದೆ ಹಿಂದೆ ಸರಿದರೆ ಸರ್ಜ್, ಪಕ್ಕಕ್ಕೆ ಸರಿದರೆ ಸ್ವೇ. ಜಾಹೀರಾತಿನಲ್ಲಿ ಕಾಣುವ 2 ಡಿಒಎಫ್, 3 ಡಿಒಎಫ್, 6 ಡಿಒಎಫ್ ಎಂದರೆ ಇವುಗಳಲ್ಲಿ ಎಷ್ಟು ಬಗೆಯ ಚಲನೆ ಆ ಯಂತ್ರಕ್ಕೆ ಬರುತ್ತದೆ ಎಂಬ ಲೆಕ್ಕ.

ಇಲ್ಲೊಂದು ಸಣ್ಣ ಮೋಸವಿದೆ. ರಿಗ್‌ನ ನಾಲ್ಕು ಮೂಲೆಗೆ ನಾಲ್ಕು ಲಂಬ ಆಕ್ಚುಯೇಟರ್ ಇಟ್ಟರೆ ಸಿಗುವುದು ಮೂರೇ ಬಗೆ: ಪಿಚ್, ರೋಲ್, ಹೀವ್. ನಾಲ್ಕು ಕಾಲಿದೆ ಎಂದ ಮಾತ್ರಕ್ಕೆ ನಾಲ್ಕನೇ ಡಿಒಎಫ್ ಬರುವುದಿಲ್ಲ. ನಾಲ್ಕನೇ ಕಾಲಿನಿಂದ ಹೊಸದಾಗಿ ಆಗುವುದೇನಿದ್ದರೂ ಫ್ರೇಮು ತಿರುಚಿಕೊಳ್ಳುವುದೊಂದೇ. "ನಾಲ್ಕು ಆಕ್ಚುಯೇಟರ್, ಅಂದ್ರೆ 4 ಡಿಒಎಫ್ ಸಾರ್" ಎಂದು ಯಾರಾದರೂ ಹೇಳಿದರೆ ಆ ಅಂಗಡಿಯಲ್ಲಿ ಉಳಿದ ಮಾತುಗಳನ್ನೂ ಸ್ವಲ್ಪ ಕಡಿಮೆ ನಂಬಿ.

ನಿಜವಾದ ಕಾರಿನಲ್ಲಿ ಆಗುವ ಜಿ ಫೋರ್ಸ್ ಇದರಲ್ಲಿ ಆಗುತ್ತಾ?

ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ಒಮ್ಮೆ ತಿಳಿದುಕೊಂಡರೆ ಯಾವ ಯಂತ್ರ ಕೊಳ್ಳಬೇಕು ಎಂಬುದರ ಅರ್ಧ ತಾನೇ ತೀರ್ಮಾನವಾಗುತ್ತದೆ. ಅದಕ್ಕೇ ಇದನ್ನು ಉದ್ದವಾಗಿ ಬರೆಯುತ್ತೇನೆ.

ಬ್ರೇಕ್ ಒತ್ತಿದಾಗ ಮೈ ಮುಂದಕ್ಕೆ ಜಗ್ಗಿದ ಹಾಗೆ ಅನ್ನಿಸಬೇಕಾದರೆ ಯಂತ್ರ ಮಾಡುವ ಉಪಾಯ ಒಂದೇ: ನಿಮ್ಮನ್ನು ಮುಂದಕ್ಕೆ ವಾಲಿಸುವುದು. ಆಗ ಭೂಮಿಯ ಸೆಳೆತದ ಒಂದು ಪಾಲು ನಿಮ್ಮನ್ನು ಬೆಲ್ಟಿನ ಕಡೆ ತಳ್ಳುತ್ತದೆ. ಪರದೆಯಲ್ಲಿ ರಸ್ತೆ ನೇರವಾಗಿಯೇ ಕಾಣುವುದರಿಂದ ಮೆದುಳು ಅದನ್ನು ಬ್ರೇಕ್ ಎಂದುಕೊಳ್ಳುತ್ತದೆ. ವಿಮಾನದ ಸಿಮ್ಯುಲೇಟರ್‌ಗಳೂ ಮಾಡುವುದು ಇದನ್ನೇ.

ಈಗ ಮನೆಯ ರಿಗ್‌ಗೆ ಲೆಕ್ಕ ಹಾಕಿ. ಆಕ್ಚುಯೇಟರ್‌ನ ಓಟ (ಕೆಳಗಿನಿಂದ ಮೇಲಕ್ಕೆ ಸಾಗುವ ದೂರ) 100 ಮಿ.ಮೀ., ಮುಂದಿನ ಮತ್ತು ಹಿಂದಿನ ಕಾಲಿನ ನಡುವೆ 1.2 ಮೀಟರ್. ಹಿಂದಿನ ಜೋಡಿ ಪೂರ್ತಿ ಮೇಲೆ, ಮುಂದಿನ ಜೋಡಿ ಪೂರ್ತಿ ಕೆಳಗೆ ಹೋದರೂ ವಾಲುವುದು ಸುಮಾರು 4.8 ಡಿಗ್ರಿ. ಅದರಿಂದ ಸಿಗುವ ತಳ್ಳು 0.08 ಜಿ (ಒಂದು ಜಿ ಎಂದರೆ ಭೂಮಿಯ ಸೆಳೆತದಷ್ಟು ಬಲ). ಬೆಂಗಳೂರಿನ ಅರ್ಜುನ್ ಮೈನಿ ಜರ್ಮನಿಯ ಡಿಟಿಎಂ ರೇಸ್ ಸರಣಿಯಲ್ಲಿ ಓಡಿಸಿದಂಥ ಜಿಟಿ3 ಕಾರು ಜೋರಾಗಿ ಬ್ರೇಕ್ ಹಾಕಿದರೆ ಒಂದು ಜಿಗಿಂತ ಹೆಚ್ಚೇ ಬರುತ್ತದೆ. ಫಾರ್ಮುಲಾ 1 ಕಾರಿನಲ್ಲಿ ಐದರ ಹತ್ತಿರ. ಅಂದರೆ ನಮಗೆ ಸಿಗುವುದು ರೂಪಾಯಿಗೆ ಎಂಟು ಪೈಸೆಯೂ ಇಲ್ಲ.

ಇನ್ನೊಂದು ತೊಡಕು. ನಿಮ್ಮನ್ನು ವಾಲಿಸುತ್ತಿರುವುದು ಒಳಕಿವಿಗೆ ಗೊತ್ತಾಗಬಾರದು ಎಂದರೆ ಸೆಕೆಂಡಿಗೆ ಸುಮಾರು ಮೂರು ಡಿಗ್ರಿಗಿಂತ ನಿಧಾನವಾಗಿ ವಾಲಿಸಬೇಕು. 4.8 ಡಿಗ್ರಿಗೆ ಒಂದೂವರೆ ಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ನೀವು ಬ್ರೇಕ್ ಬಿಟ್ಟು ವೀಲ್ ತಿರುಗಿಸಲು ಶುರು ಮಾಡಿರುತ್ತೀರಿ. ವಿಮಾನದಲ್ಲಿ ಎಲ್ಲ ನಿಧಾನ, ಅಲ್ಲಿ ಈ ಉಪಾಯ ನಡೆಯುತ್ತದೆ. ರೇಸ್ ಕಾರಿನಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಹಾಗಾದರೆ ಮನೆಯ ರಿಗ್‌ಗೆ ಏನು ಚೆನ್ನಾಗಿ ಬರುತ್ತದೆ? ಬದಲಾವಣೆ. ಬ್ರೇಕ್ ಹಿಡಿದ ಆ ಕ್ಷಣ, ಟೈರು ಹಿಡಿತ ಬಿಟ್ಟ ಆ ಕ್ಷಣ, ಚಕ್ರ ಉಬ್ಬು ಹತ್ತಿದ ಆ ಕ್ಷಣ. ಹಿಡಿದಿಟ್ಟ ಬಲವನ್ನು ತೋರಿಸಲು ಅದಕ್ಕೆ ಜಾಗವಿಲ್ಲ, ಬಲ ಬದಲಾದದ್ದನ್ನು ಹೇಳಲು ಕೆಲವೇ ಮಿಲಿಮೀಟರ್ ಸಾಕು. ನನ್ನ ಮಟ್ಟಿಗೆ ಮೋಷನ್ ರಿಗ್ ಎಂದರೆ ಟೈರಿನ ಸುದ್ದಿ ತರುವ ಯಂತ್ರ, ಜಾತ್ರೆಯ ತೊಟ್ಟಿಲಲ್ಲ.

ಇದಕ್ಕೆ ಹೊಂದುವ ಒಂದು ಸಂಗತಿ: ವಿಮಾನದ ಸಿಮ್ಯುಲೇಟರ್‌ಗಳನ್ನು ಹೊರುವ ಆರು ಕಾಲಿನ ವೇದಿಕೆಗೆ ಸ್ಟೀವರ್ಟ್ ಪ್ಲಾಟ್‌ಫಾರ್ಮ್ ಎಂದು ಹೆಸರು ಬಂದಿರುವುದು 1965ರಲ್ಲಿ ಡಿ. ಸ್ಟೀವರ್ಟ್ ಬರೆದ ಪ್ರಬಂಧದಿಂದ. ಆದರೆ ಅದಕ್ಕೂ ಮೊದಲು, 1950ರ ದಶಕದಲ್ಲೇ, ಡನ್‌ಲಪ್ ಕಂಪನಿಯ ಎರಿಕ್ ಗಾಫ್ ಅಂಥದ್ದೇ ಆರು ಕಾಲಿನ ಯಂತ್ರ ಮಾಡಿದ್ದರು. ಯಾಕೆ ಗೊತ್ತೇ? ಟೈರು ಪರೀಕ್ಷೆ ಮಾಡಲು.

ಸೀಟು ಮಾತ್ರ ಅಲುಗಾಡುವುದು ಒಳ್ಳೆಯದಾ, ಇಡೀ ರಿಗ್ ಅಲುಗಾಡುವುದಾ?

ದುಡ್ಡಿನ ಪ್ರಶ್ನೆ ಬದಿಗಿಟ್ಟರೆ ಇಡೀ ರಿಗ್.

ಸೀಟ್ ಮೂವರ್ ಎಂದರೆ ಸೀಟಿನ ಅಡಿಯಲ್ಲಿ ಕೂರುವ ಪೆಟ್ಟಿಗೆ. ನೆಕ್ಸ್ಟ್ ಲೆವೆಲ್ ರೇಸಿಂಗ್‌ನ ಮೋಷನ್ ಪ್ಲಾಟ್‌ಫಾರ್ಮ್ ವಿ3 ಈ ಬಗೆಯದು. ಪಿಚ್ ಮತ್ತು ರೋಲ್ ಎರಡೇ. ಜಾಗ ಕಡಿಮೆ ಸಾಕು, ಒಂದೇ ಪ್ಲಗ್, ಒಂದು ಮಧ್ಯಾಹ್ನದಲ್ಲಿ ಜೋಡಣೆ ಮುಗಿಯುತ್ತದೆ. ಬಾಡಿಗೆ ಮನೆಯಲ್ಲಿರುವವರಿಗೆ ಇದು ದೊಡ್ಡ ಗುಣ.

ತೊಂದರೆ ಏನೆಂದರೆ ಸೀಟು ಅಲುಗಾಡುತ್ತದೆ, ವೀಲು ಪೆಡಲು ನಿಂತಲ್ಲೇ ಇರುತ್ತವೆ. ಬ್ರೇಕಿನ ಮೇಲೆ ಮೂವತ್ತು ನಲವತ್ತು ಕೆ.ಜಿ. ಭಾರ ಹಾಕುವ ಹೊತ್ತಿಗೇ ಸೀಟು ಮುಂದಕ್ಕೆ ವಾಲಿ ನಿಮಗೂ ಪೆಡಲಿಗೂ ಇರುವ ಅಂತರ ಬದಲಾಗುತ್ತದೆ. ಕಾಲು ಒಂದು ಲೆಕ್ಕ ಇಟ್ಟುಕೊಂಡಿರುತ್ತದೆ, ಸೀಟು ಅದನ್ನು ಕೆಡಿಸುತ್ತದೆ. ಹಗುರ ಪೆಡಲ್ ಇರುವವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಗಟ್ಟಿ ಲೋಡ್ ಸೆಲ್ ಇದ್ದವರು ಮೊದಲ ದಿನವೇ ಗೊಣಗುತ್ತಾರೆ.

ಇಡೀ ರಿಗ್ ಎತ್ತುವ ವ್ಯವಸ್ಥೆಯಲ್ಲಿ ಕಾಲು, ಕೈ, ಸೊಂಟ ಎಲ್ಲ ಒಟ್ಟಿಗೇ ಹೋಗುತ್ತವೆ. ಕೆನಡಾದ ಡಿ-ಬಾಕ್ಸ್, ಪೋಲೆಂಡಿನ ಕ್ಯೂಬಿಕ್ ಸಿಸ್ಟಂ ಇವರ ಮೂಲೆ ಆಕ್ಚುಯೇಟರ್‌ಗಳು ಈ ಜಾತಿಗೆ ಸೇರಿದವು. ಇವಕ್ಕೆ ಗಟ್ಟಿ ಅಲ್ಯೂಮಿನಿಯಂ ಪ್ರೊಫೈಲ್ ಫ್ರೇಮ್ ಬೇಕೇ ಬೇಕು. ಫ್ರೇಮ್ ಬಗ್ಗಿದರೆ ಆಕ್ಚುಯೇಟರ್‌ನ ಕೆಲಸವೆಲ್ಲ ಆ ಬಗ್ಗುವಿಕೆಯಲ್ಲೇ ಕಳೆದುಹೋಗುತ್ತದೆ.

ಡಿಒಎಫ್ ರಿಯಾಲಿಟಿಯಂಥ ಕಂಪನಿಗಳು ಮೋಟರ್ ಮತ್ತು ತೋಳಿನಿಂದ ಇಡೀ ಚೌಕಟ್ಟನ್ನೇ ತೂಗುವ ಯಂತ್ರಗಳನ್ನೂ ಮಾಡುತ್ತವೆ. ಕಡಿಮೆ ಬೆಲೆಗೆ ದೊಡ್ಡ ತೂಗಾಟ. ವಿಮಾನ ಹಾರಿಸುವವರಿಗೆ ಚೆನ್ನ. ನನಗೆ ರೇಸಿಂಗ್‌ಗೆ ಸ್ವಲ್ಪ ಒರಟು ಅನ್ನಿಸಿತು, ಆದರೆ ಇದು ನಾಲಿಗೆಯ ರುಚಿಯ ವಿಷಯ.

6 ಡಿಒಎಫ್ ತಗೊಂಡುಬಿಟ್ಟರೆ ಮುಗೀತಲ್ವಾ?

ಕೋಣೆಯೂ ಮುಗಿಯುತ್ತದೆ, ದುಡ್ಡೂ ಮುಗಿಯುತ್ತದೆ. ಕಡಿಮೆ ದುಡ್ಡಿನ 6 ಡಿಒಎಫ್‌ಗಿಂತ ಅದೇ ದುಡ್ಡಿನ ಚುರುಕಾದ 3 ಡಿಒಎಫ್ ಎಷ್ಟೋ ವಾಸಿ. ಒಂದೇ ಒಂದು ಬಗೆ ಸೇರಿಸಬಹುದಾದರೆ ರಿಗ್‌ನ ಹಿಂಭಾಗವನ್ನು ಪಕ್ಕಕ್ಕೆ ಜಾರಿಸುವ ಟ್ರ್ಯಾಕ್ಷನ್ ಲಾಸ್ ಸೇರಿಸಿ. ಹಿಂದಿನ ಟೈರು ಜಾರಿದಾಗ ಮೈಗೆ ಆಗಬೇಕಾದದ್ದು ಅದೇ. ರ್‍ಯಾಲಿ ಮತ್ತು ಡ್ರಿಫ್ಟ್ ಆಡುವವರು ಇದಿಲ್ಲದೆ ಮೋಷನ್ ಕೊಳ್ಳಲೇಬೇಡಿ ಎನ್ನುತ್ತೇನೆ.

ಓಟ ಎಷ್ಟಿರಬೇಕು, ವೇಗ ಎಷ್ಟಿರಬೇಕು?

ಎಲ್ಲರೂ ಓಟ ಕೇಳುತ್ತಾರೆ, ವೇಗ ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದದ್ದು ವೇಗ.

ರಸ್ತೆಯ ಒರಟು ಸೆಕೆಂಡಿಗೆ ಹತ್ತು ಸಲ, ಐದು ಮಿಲಿಮೀಟರ್ ಮೇಲೆ ಐದು ಮಿಲಿಮೀಟರ್ ಕೆಳಗೆ ಅಲುಗಾಡಿಸಬೇಕು ಎಂದಿಟ್ಟುಕೊಳ್ಳಿ. ಅದಕ್ಕೆ ಆಕ್ಚುಯೇಟರ್ ಸೆಕೆಂಡಿಗೆ 314 ಮಿ.ಮೀ. ವೇಗ ಮುಟ್ಟಬೇಕು, ನಿಮ್ಮನ್ನೂ ಸೇರಿಸಿ ಇಡೀ ರಿಗ್ಗನ್ನು ಸುಮಾರು ಎರಡು ಜಿಯಷ್ಟು ಬಲದಲ್ಲಿ ತಳ್ಳಬೇಕು. 1605 ಎಂಬ ಬಾಲ್ ಸ್ಕ್ರೂ (ಮೋಟರಿನ ತಿರುಗಾಟವನ್ನು ನೇರ ಚಲನೆ ಮಾಡುವ ತಿರುಪು) ಒಂದು ಸುತ್ತಿಗೆ 5 ಮಿ.ಮೀ. ಸಾಗುತ್ತದೆ. ಮೋಟರ್ ನಿಮಿಷಕ್ಕೆ 3000 ಸುತ್ತು ಹೊಡೆದರೆ ಸೆಕೆಂಡಿಗೆ 250 ಮಿ.ಮೀ. ಅಂದರೆ ಐದು ಮಿಲಿಮೀಟರಿನ ಅಲುಗಾಟವನ್ನು ಎಂಟು ಸಲದ ಹತ್ತಿರಕ್ಕೇ ನಿಲ್ಲಿಸಬೇಕಾಗುತ್ತದೆ. ಹಾಗೆಂದು ಕೆಟ್ಟದ್ದಲ್ಲ, ನನ್ನದೂ ಅದೇ. ಸಣ್ಣ ಅಲುಗಾಟವನ್ನು ಇನ್ನೂ ಬೇಗ ಮಾಡುತ್ತದೆ. ವಿವರ ಪಟ್ಟಿಯಲ್ಲಿ ವೇಗವನ್ನೇ ಬರೆಯದವರ ಹತ್ತಿರ ಮಾತ್ರ ಹುಷಾರಾಗಿರಿ.

ಓಟದ ವಿಷಯಕ್ಕೆ ಬಂದರೆ ಡಿ-ಬಾಕ್ಸ್‌ನವರು ಒಂದೂವರೆ ಇಂಚಿನ ಆಕ್ಚುಯೇಟರ್ ಮಾರುತ್ತಾರೆ, ಅಂದರೆ 38 ಮಿ.ಮೀ. ಅದರ ಮೇಲೆ ಕೂತವರು ಯಾರೂ "ಸಾಲದು" ಎಂದು ಎದ್ದು ಬಂದದ್ದನ್ನು ನಾನು ನೋಡಿಲ್ಲ. ಜರ್ಮನಿಯ ನೂರ್‌ಬರ್ಗ್‌ರಿಂಗ್ ಟ್ರ್ಯಾಕಿನ ನಾರ್ಡ್‌ಶ್ಲೈಫೆಯ ಏರಿಳಿತ ಇಷ್ಟಪಡುವವರಿಗೆ 100 ಮಿ.ಮೀ. ಖುಷಿ ಕೊಡುತ್ತದೆ. ಅದಕ್ಕಿಂತ ಹೆಚ್ಚು ಯಾಕೆ ಎಂದು ನನಗೆ ಅರ್ಥವಾಗಿಲ್ಲ.

ಬಾಸ್ ಶೇಕರ್ ಹಾಕಿಕೊಂಡರೆ ಸಾಕಾಗಲ್ವಾ?

ಎಷ್ಟೋ ಜನಕ್ಕೆ ಸಾಕು. ಸ್ಪೀಕರಿನ ಕಾಯಿಲ್ ಇದ್ದ ಹಾಗೆ, ಕೋನ್ ಬದಲು ಒಂದು ತೂಕ ಅಲುಗುತ್ತದೆ, ಅದು ಸೀಟನ್ನು ನಡುಗಿಸುತ್ತದೆ. ಎರಡು ಶೇಕರ್, ಒಂದು ಸಣ್ಣ ಆಂಪ್ಲಿಫೈಯರ್, ಸಿಮ್‌ಹಬ್ ಸಾಫ್ಟ್‌ವೇರ್. ಒಂದು ಪೆಡಲ್ ತಟ್ಟೆಗೆ, ಒಂದು ಸೀಟಿಗೆ. ಚಕ್ರ ಲಾಕ್ ಆದದ್ದು ಪಾದಕ್ಕೆ, ಹಿಂದಿನ ಟೈರು ಜಾರಿದ್ದು ಬೆನ್ನಿಗೆ ತಿಳಿಯುತ್ತದೆ. ಮೋಷನ್‌ಗೆ ಕೊಡುವ ಹಣದ ಸಣ್ಣ ಪಾಲಿನಲ್ಲಿ ಅರ್ಧ ಸುಖ. ಮೊದಲು ಇದನ್ನು ಹಾಕಿ ಆರು ತಿಂಗಳು ಓಡಿಸಿ. ಆಮೇಲೂ ಮೋಷನ್ ಬೇಕು ಅನ್ನಿಸಿದರೆ ಅದು ನಿಜವಾದ ಆಸೆ. ಮೋಷನ್ ಬಂದ ಮೇಲೂ ಶೇಕರ್ ಬಿಚ್ಚಬೇಡಿ, ಇಪ್ಪತ್ತು ಹರ್ಟ್ಸ್‌ನ ಮೇಲಿನ ನಡುಕವೆಲ್ಲ ಅದರದೇ ಕೆಲಸ.

ನಾನೇ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಬಹುದು. ಎಸ್‌ಎಫ್‌ಎಕ್ಸ್-100 ಎಂಬ ಮುಕ್ತ ವಿನ್ಯಾಸವಿದೆ: ಎಸಿ ಸರ್ವೋ ಮೋಟರ್ (ಹೇಳಿದ ಜಾಗಕ್ಕೆ ಸರಿಯಾಗಿ ತಿರುಗಿ ನಿಲ್ಲುವ ಮೋಟರ್), ಬಾಲ್ ಸ್ಕ್ರೂ, ಅಲ್ಯೂಮಿನಿಯಂ ಪ್ರೊಫೈಲಿನ ಕೊಳವೆ, ತ್ರೀಡಿ ಪ್ರಿಂಟರಿನಲ್ಲಿ ತೆಗೆದ ಬಿಡಿಭಾಗಗಳು, 100 ಮಿ.ಮೀ. ಓಟ. ಜಗತ್ತಿನ ಎಷ್ಟೋ ಮನೆಗಳಲ್ಲಿ ಇದು ಓಡುತ್ತಿದೆ. ಪೀಣ್ಯದ ಕಡೆ ಪರಿಚಯದ ವರ್ಕ್‌ಶಾಪ್ ಇದ್ದರೆ ಬಾಲ್ ಸ್ಕ್ರೂ ತುದಿ ಕಡಿಸುವುದು, ಪ್ರೊಫೈಲ್ ಕತ್ತರಿಸುವುದು ಕಷ್ಟವಲ್ಲ.

ಕಷ್ಟ ಇರುವುದು ತಾಳ್ಮೆಯಲ್ಲಿ. ನಾನು ನಾಲ್ಕು ಆಕ್ಚುಯೇಟರ್ ಜೋಡಿಸಲು ಹನ್ನೊಂದು ಭಾನುವಾರ ತೆಗೆದುಕೊಂಡೆ. ಮೂರನೆಯದರಲ್ಲಿ ಸ್ಕ್ರೂ ಕೂದಲೆಳೆಯಷ್ಟು ಓರೆ ಕೂತಿತ್ತು. ಕೈಯಿಂದ ತಿರುಗಿಸಿದಾಗ ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಬಿಗಿಯಾಗುತ್ತಿತ್ತು, ನಾನು "ಓಡ್ತಾ ಓಡ್ತಾ ಸರಿಹೋಗುತ್ತೆ" ಎಂದುಕೊಂಡೆ. ನಾಲ್ಕು ವಾರದಲ್ಲಿ ಪ್ರಿಂಟ್ ಮಾಡಿದ ಮೋಟರ್ ಹಿಡಿಕೆ ಸೀಳಿತು. ಸ್ಕ್ರೂ ಬೆರಳ ತುದಿಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಸಮ ತಿರುಗದಿದ್ದರೆ ಮೋಟರ್ ಹಚ್ಚಲೇಬೇಡಿ.

ವಾರಾಂತ್ಯ ಆಡಬೇಕು ಅನ್ನುವವರು ತಯಾರಾದದ್ದನ್ನು ಕೊಳ್ಳಿ. ಮಾಡುವುದೇ ಆಟ ಅನ್ನುವವರಿಗೆ ಮಾತ್ರ ಇದು.

ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಇಡಬಹುದಾ?

ತೂಕದ ಲೆಕ್ಕ ಮೊದಲು. ನಮ್ಮಲ್ಲಿ ವಾಸದ ಕೋಣೆಯ ಸ್ಲ್ಯಾಬನ್ನು ಕಟ್ಟಡದ ಭಾರಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ ಪ್ರಕಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಹೊರುವ ಹಾಗೆ ಲೆಕ್ಕ ಹಾಕುತ್ತಾರೆ. ನನ್ನ ರಿಗ್ಗು, ಪರದೆ, ನಾನು ಎಲ್ಲ ಸೇರಿ 250 ಕೆ.ಜಿ., ನಿಂತ ಜಾಗ ಒಂದೂಕಾಲು ಚದರ ಮೀಟರ್. ನಿಂತಷ್ಟು ಜಾಗಕ್ಕೆ ಸರಿಯಾಗಿ ಅಷ್ಟೇ ಬೀಳುತ್ತದೆ, ಇಡೀ ಕೋಣೆಗೆ ಹಂಚಿ ನೋಡಿದರೆ ಹೆಚ್ಚೇನಲ್ಲ. ಆದರೂ ಸ್ಲ್ಯಾಬಿನ ನಟ್ಟನಡುವೆ ಇಡಬೇಡಿ, ಗೋಡೆ ಅಥವಾ ಬೀಮ್ ಹತ್ತಿರ ಇಡಿ. ಬಾಲ್ಕನಿಗೆ ಗಾಜು ಹಾಕಿಸಿ ಕೋಣೆ ಮಾಡಿಕೊಂಡಿದ್ದರೆ ಅಲ್ಲಿ ಬೇಡವೇ ಬೇಡ. ಹಳೆಯ ಕಟ್ಟಡವಾದರೆ ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ.

ನಿಜವಾದ ತೊಂದರೆ ತೂಕದ್ದಲ್ಲ, ಸದ್ದಿನದು. ನಿಮ್ಮ ಕೋಣೆಯಲ್ಲಿ ಹೆಡ್‌ಫೋನ್ ಹಾಕಿದ ನಿಮಗೆ ಏನೂ ಕೇಳಿಸುವುದಿಲ್ಲ. ಆದರೆ ಸ್ಲ್ಯಾಬು ಕೆಳಗಿನ ಮನೆಗೆ ಡೋಲಿನ ಚರ್ಮವಿದ್ದಂತೆ. ರಿಗ್ ಬಂದ ಹೊಸದರಲ್ಲಿ ಕೆಳಮನೆಯ ಅಜ್ಜಿ ಲಿಫ್ಟಿನಲ್ಲಿ ಸಿಕ್ಕಿ ಮೆಲ್ಲಗೆ ಕೇಳಿದರು, "ರಾತ್ರಿ ಹನ್ನೊಂದಕ್ಕೆ ದೋಸೆ ಹಿಟ್ಟು ರುಬ್ತೀರೇನಪ್ಪಾ? ಅಷ್ಟು ಜನ ಇದೀರಾ ಮನೇಲಿ?" ಆ ದಿನ ನಾನು ಓಡಿಸಿದ್ದು ಸೆಬ್ರಿಂಗ್. ಹಳೆಯ ವಿಮಾನ ನಿಲ್ದಾಣದ ಕಾಂಕ್ರೀಟಿನ ಮೇಲೆ ಮಾಡಿದ ಟ್ರ್ಯಾಕ್ ಅದು, ಅಡಿ ಅಡಿಗೂ ಉಬ್ಬು. ಅಜ್ಜಿ ಹೇಳಿದ್ದು ತಪ್ಪಲ್ಲ.

ಆಮೇಲೆ ಮಾಡಿದ್ದು ಇಷ್ಟು: ನೆಲಕ್ಕೆ ಜಿಮ್‌ನಲ್ಲಿ ಹಾಕುವ ದಪ್ಪ ರಬ್ಬರ್ ಮ್ಯಾಟ್, ಅದರ ಮೇಲೆ ಪ್ಲೈವುಡ್, ಮತ್ತೆ ರಬ್ಬರ್, ಅದರ ಮೇಲೆ ರಿಗ್. ರಾತ್ರಿ ಒಂಬತ್ತೂವರೆ ದಾಟಿದರೆ ರಸ್ತೆಯ ಒರಟನ್ನು ಪೂರ್ತಿ ಆರಿಸಿದ ಪ್ರತ್ಯೇಕ ಸೆಟ್ಟಿಂಗ್. ಶನಿವಾರ ಕೆಳಗೆ ಹೋಗಿ ಅವರ ಮಂಚದ ಮೇಲೆ ಕೂತು, ಮೇಲೆ ತಮ್ಮನನ್ನು ಓಡಿಸಲು ಹಚ್ಚಿ ಕಿವಿಗೊಟ್ಟೆ. ಈ ಪರೀಕ್ಷೆ ನೀವೂ ಮಾಡಿ. ಮಾಡುವ ಮೊದಲು ಅಜ್ಜಿಗೆ ಹೇಳಿ.

ಕರೆಂಟಿಗೆ ಬೇರೆ ಲೈನ್ ಬೇಕಾ?

ನಾಲ್ಕು 750 ವ್ಯಾಟ್ ಸರ್ವೋ ಎಂದರೆ ಒಟ್ಟು 3 ಕಿಲೋವ್ಯಾಟ್, 230 ವೋಲ್ಟಿಗೆ 13 ಆಂಪಿಯರ್. ಸದಾ ಅಷ್ಟು ಎಳೆಯುವುದಿಲ್ಲ, ಗುಂಡಿಗೆ ಬಿದ್ದ ಕ್ಷಣ ಮಾತ್ರ. ಆದರೂ 6 ಆಂಪಿಯರ್ ಸಾಕೆಟ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಓಡಿಸಬೇಡಿ. ಎಸಿ ಅಥವಾ ಗೀಸರ್‌ಗೆ ಹಾಕಿಸಿದಂಥ 16 ಆಂಪಿಯರ್ ಪಾಯಿಂಟ್ ಬೇಕು. ಸೀಟ್ ಮೂವರ್‌ಗೆ ಇಷ್ಟೆಲ್ಲ ಬೇಡ.

ಅರ್ತಿಂಗ್ ಬಗ್ಗೆ ಒಂದು ಕಥೆ ಇದೆ. ನಮ್ಮ ಮನೆಯಲ್ಲಿ ಮೋಷನ್ ಆನ್ ಮಾಡಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸುರಕ್ಷಾ ಸ್ವಿಚ್ಚು) ಬಿದ್ದು ಇಡೀ ಮನೆ ಕತ್ತಲಾಗುತ್ತಿತ್ತು. ಸರ್ವೋ ಡ್ರೈವ್‌ಗಳ ಫಿಲ್ಟರ್‌ನಿಂದ ಅರ್ತ್‌ಗೆ ಒಂದಷ್ಟು ಮಿಲಿಆಂಪಿಯರ್ ಸೋರುವುದು ಸಹಜ. ನಾಲ್ಕು ಡ್ರೈವ್ ಸೇರಿದರೆ, ಮನೆಯ ಫ್ರಿಜ್ಜು ಕಂಪ್ಯೂಟರಿನ ಸೋರಿಕೆಯೂ ಸೇರಿದರೆ, 30 ಮಿಲಿಆಂಪಿಯರಿಗೆ ಬೀಳುವ ಆರ್‌ಸಿಸಿಬಿ ಬಿದ್ದೇಬೀಳುತ್ತದೆ. ನೋಡಲು ಬಂದ ಎಲೆಕ್ಟ್ರಿಷಿಯನ್ "ಅದನ್ನ ಬೈಪಾಸ್ ಮಾಡಿಬಿಡೋಣ ಸಾರ್" ಎಂದ. ದಯವಿಟ್ಟು ಹಾಗೆ ಮಾಡಬೇಡಿ. ನೀವು ಕೂರುವುದು ಲೋಹದ ಫ್ರೇಮಿನ ಮೇಲೆ. ಎರಡನೆಯವರು ಬಂದು ರಿಗ್‌ಗೆ ಬೇರೆ ಸರ್ಕ್ಯೂಟ್, ಅದಕ್ಕೇ ಬೇರೆ ಆರ್‌ಸಿಸಿಬಿ ಹಾಕಿದರು. ಸಾಕೆಟ್ ಬಿಚ್ಚಿದಾಗ ಅರ್ತ್ ವೈರು ಗೋಡೆಯೊಳಗೆ ಯಾವುದಕ್ಕೂ ತಾಗದೆ ಸುಮ್ಮನೆ ಸುರುಳಿ ಸುತ್ತಿಕೊಂಡಿತ್ತು.

ರೇಸಿನ ನಡುವೆ ವೀಲು ಅಥವಾ ಪೆಡಲು ಕಂಪ್ಯೂಟರಿನಿಂದ ಕಳಚಿಕೊಳ್ಳುತ್ತಿದ್ದರೆ ಅದೂ ಹೆಚ್ಚಾಗಿ ಇದೇ ಸಮಸ್ಯೆ. ಸರ್ವೋ ಕೇಬಲ್‌ಗಳಿಂದ ಹೊರಡುವ ವಿದ್ಯುತ್ ಗದ್ದಲ ಯುಎಸ್‌ಬಿಯನ್ನು ಕೆಡಿಸುತ್ತದೆ. ಫ್ರೇಮನ್ನು ಅರ್ತ್ ಮಾಡಿ, ಮೋಟರ್ ಕೇಬಲ್ ಒಂದು ಕಡೆ, ಯುಎಸ್‌ಬಿ ಇನ್ನೊಂದು ಕಡೆ ಎಳೆಯಿರಿ, ಕೇಬಲ್‌ಗೆ ಗದ್ದಲ ತಡೆಯುವ ಫೆರೈಟ್ ಗುಂಡು ಹಾಕಿ. ಹೊಸ ವೀಲು ಕೊಳ್ಳುವ ಮೊದಲು ಇಷ್ಟು ಮಾಡಿ ನೋಡಿ.

ಕರೆಂಟ್ ಹೋದರೆ ಏನಾಗುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿ. ಕೆಲವು ನಿಂತಲ್ಲೇ ನಿಲ್ಲುತ್ತವೆ, ಕೆಲವು ಮೆಲ್ಲಗೆ ಕೆಳಗಿಳಿಯುತ್ತವೆ. ಕರೆಂಟ್ ಬಂದಾಗ ಆಕ್ಚುಯೇಟರ್‌ಗಳು ತಮ್ಮ ಶುರುವಿನ ಜಾಗ ಹುಡುಕಲು ತಾವೇ ಅಲುಗಾಡಬಹುದು. ಆ ಹೊತ್ತಿಗೆ ಬಿದ್ದ ಸ್ಕ್ರೂ ಹುಡುಕಲು ಅಡಿಯಲ್ಲಿ ಕೈ ಹಾಕಿರಬಾರದು.

ಯಾವ ಆಟಗಳಿಗೆ ನಡೆಯುತ್ತದೆ? ಪ್ಲೇಸ್ಟೇಷನ್‌ಗೆ?

ಕಂಪ್ಯೂಟರಿನಲ್ಲಿ ಹೆಸರಿರುವ ಎಲ್ಲವಕ್ಕೂ: ಐರೇಸಿಂಗ್, ಅಸೆಟೊ ಕೋರ್ಸಾ, ಅಸೆಟೊ ಕೋರ್ಸಾ ಕಾಂಪೆಟಿಜಿಯೋನೆ, ಆರ್‌ಫ್ಯಾಕ್ಟರ್ 2, ಆಟೊಮೊಬಿಲಿಸ್ಟಾ 2. ಆಟ ಟೆಲಿಮೆಟ್ರಿ (ಕಾರಿನ ಕ್ಷಣಕ್ಷಣದ ಮಾಹಿತಿ) ಕೊಡುತ್ತದೆ, ಸಿಮ್‌ಹಬ್, ಸಿಮ್‌ಟೂಲ್ಸ್, ಫ್ಲೈಪಿಟಿ ಮೂವರ್ ಅಥವಾ ಕಂಪನಿಯದೇ ಸಾಫ್ಟ್‌ವೇರ್ ಅದನ್ನು ಚಲನೆಯಾಗಿ ಬದಲಿಸುತ್ತದೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಲ್ಲಿ ಎಫ್1 ಆಟಗಳಂಥವು ಮನೆಯ ನೆಟ್‌ವರ್ಕ್ ಮೇಲೆ ಟೆಲಿಮೆಟ್ರಿ ಕಳಿಸುತ್ತವೆ, ಅದನ್ನು ಓದಲು ಪಕ್ಕದಲ್ಲಿ ಒಂದು ಕಂಪ್ಯೂಟರ್ ಬೇಕೇ ಬೇಕು. ಕನ್ಸೋಲ್ ಒಂದನ್ನೇ ನಂಬಿ ಮೋಷನ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಸೂಕ್ಷ್ಮ ವಿಷಯವೊಂದು. ಐರೇಸಿಂಗ್ ಸಾಮಾನ್ಯ ಟೆಲಿಮೆಟ್ರಿಯನ್ನು ಸೆಕೆಂಡಿಗೆ 60 ಸಲ ಕೊಡುತ್ತದೆ. ಗಂಟೆಗೆ 250 ಕಿ.ಮೀ.ನಲ್ಲಿ ಒಂದು ಸುದ್ದಿಗೂ ಮುಂದಿನದಕ್ಕೂ ನಡುವೆ ಕಾರು 1.16 ಮೀಟರ್ ದಾಟಿರುತ್ತದೆ. ಕರ್ಬಿನ ಹಲ್ಲುಗಳು ಆ ಸಂದಿಯಲ್ಲಿ ಮಾಯ. ಅದಕ್ಕಾಗಿಯೇ ಸಸ್ಪೆನ್ಷನ್‌ನಂಥ ಕೆಲವು ಮಾಹಿತಿಯನ್ನು 360 ಸಲ ಕೊಡುತ್ತಾರೆ. ನೀವು ಕೊಳ್ಳುವ ಸಾಫ್ಟ್‌ವೇರ್ ಅದನ್ನು ಓದುತ್ತದೆಯೇ ಎಂದು ಕೇಳಿ.

ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟುವ ಪರದೆ) ಹಾಕಿಕೊಂಡರೆ?

ಅದ್ಭುತ, ಒಂದು ಷರತ್ತಿನೊಂದಿಗೆ. ರಿಗ್ ವಾಲಿದರೆ ಹೆಡ್‌ಸೆಟ್ ನೀವೇ ತಲೆ ವಾಲಿಸಿದಿರಿ ಎಂದುಕೊಂಡು ಕಾರಿನೊಳಗಿನ ನೋಟವನ್ನು ಜರುಗಿಸಿಬಿಡುತ್ತದೆ. ಅದನ್ನು ಕಳೆಯುವ ಮೋಷನ್ ಕಾಂಪೆನ್ಸೇಷನ್ ಸಾಫ್ಟ್‌ವೇರ್ ಹಾಕಲೇಬೇಕು. ಪರದೆ ಇಟ್ಟುಕೊಂಡವರಿಗೆ ಪ್ರಶ್ನೆ ಬೇರೆ: ರಿಗ್ ಮೇಲೆ ಹಾಕಬೇಕಾ, ನೆಲದ ಮೇಲೆ ನಿಲ್ಲಿಸಬೇಕಾ? ಮೂರು ಪರದೆ ರಿಗ್ ಮೇಲೆ ಹಾಕಿದರೆ ತೂಕವೂ ಹೆಚ್ಚು, ಕರ್ಬ್ ಹತ್ತಿದಾಗಲೆಲ್ಲ ಪರದೆ ತಲೆದೂಗುತ್ತದೆ. ನಾನು ನೆಲದ ಮೇಲೆ ನಿಲ್ಲಿಸಿದ್ದೇನೆ, ಆಟದೊಳಗೆ ಕ್ಯಾಮೆರಾ ಕುಲುಕಾಟವನ್ನು ಸೊನ್ನೆ ಮಾಡಿದ್ದೇನೆ. ಮೈಯೂ ಕುಲುಕಿ ಚಿತ್ರವೂ ಕುಲುಕಿದರೆ ಒಂದೇ ಗುಂಡಿಗೆ ಎರಡು ಸಲ ಬಿದ್ದ ಹಾಗಾಗುತ್ತದೆ.

ತಲೆ ಸುತ್ತಿ ವಾಂತಿ ಬರುತ್ತಾ?

ಕಣ್ಣು ಒಂದು ಹೇಳಿ ಕಿವಿ ಇನ್ನೊಂದು ಹೇಳಿದರೆ ಬರುತ್ತದೆ. ಆಗುಂಬೆ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಆಗುವುದೂ ಅದೇ. ಸರಿಯಾಗಿ ಹೊಂದಿಸಿದ ಮೋಷನ್ ಎಷ್ಟೋ ಜನಕ್ಕೆ ತಲೆಸುತ್ತು ಕಡಿಮೆ ಮಾಡುತ್ತದೆ, ತಡವಾಗಿ ಅಲುಗಾಡುವ ಮೋಷನ್ ಹೆಚ್ಚು ಮಾಡುತ್ತದೆ. ಹೊಟ್ಟೆ ತುಂಬ ಊಟ ಮಾಡಿ ಹತ್ತಬೇಡಿ.

ಸೆಟ್ಟಿಂಗ್ ಎಲ್ಲಿಂದ ಶುರು ಮಾಡಲಿ?

ಎಲ್ಲವನ್ನೂ ಸೊನ್ನೆಗೆ ತನ್ನಿ. ಮೊದಲು ಹೀವ್ ಒಂದನ್ನೇ ಏರಿಸಿ, ಗೊತ್ತಿರುವ ಟ್ರ್ಯಾಕ್‌ನಲ್ಲಿ ಗೊತ್ತಿರುವ ಕಾರು ಓಡಿಸಿ. ರಸ್ತೆ ಮೈಗೆ ಹತ್ತಿದ ಮೇಲೆ ಪಿಚ್, ಕೊನೆಗೆ ರೋಲ್. ರೋಲ್ ಬಹಳ ಕಡಿಮೆ ಇಡಿ, ಓಡುವ ರೇಸ್ ಕಾರನ್ನು ನೋಡಿ, ಅದು ವಾಲುವುದು ಬಹಳ ಕಡಿಮೆ. ಫಿಲ್ಟರ್ ಜಾಸ್ತಿ ಹಾಕಿದರೆ ಚಲನೆ ನಯವಾಗುತ್ತದೆ, ಅಷ್ಟೇ ತಡವೂ ಆಗುತ್ತದೆ. ತಡಕ್ಕಿಂತ ಒರಟೇ ಮೇಲು.

ನನ್ನ ಅಳತೆಗೋಲು ಒಂದು ಸ್ಟೀಲ್ ಲೋಟ. ರಿಗ್ ಮೇಲೆ ಮುಕ್ಕಾಲು ನೀರು ತುಂಬಿಟ್ಟು ಬೇರೆಯವರನ್ನು ಓಡಿಸಲು ಬಿಡುತ್ತೇನೆ. ನೀರಿನ ಮೇಲೆ ಸಣ್ಣ ಅಲೆ ಓಡುತ್ತಾ ಇರಬೇಕು, ಚೆಲ್ಲಬಾರದು. ಚೆಲ್ಲುವ ರಿಗ್ ನೆಂಟರಿಗೆ ತೋರಿಸಲು ಚೆನ್ನ, ಹತ್ತನೇ ಲ್ಯಾಪಿಗೆ ಸುಸ್ತು.

ಮನೆಯಲ್ಲಿ ಮಕ್ಕಳಿದ್ದಾರೆ.

ಹಾಗಾದರೆ ಕೋಣೆಗೆ ಚಿಲಕ ಇರಲಿ. ರಿಗ್‌ನ ಅಡಿಗೂ ನೆಲಕ್ಕೂ ನಡುವಿನ ಸಂದಿ ಬೆರಳು, ಬೆಕ್ಕು, ಆಟಿಕೆ ಏನು ಸಿಕ್ಕರೂ ಜಜ್ಜುತ್ತದೆ, ಆಕ್ಚುಯೇಟರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಮರ್ಜೆನ್ಸಿ ಸ್ಟಾಪ್ ಗುಂಡಿ ಎರಡಿರಲಿ: ಒಂದು ನಿಮ್ಮ ಕೈಗೆ ಎಟಕುವಂತೆ, ಇನ್ನೊಂದು ಬಾಗಿಲ ಹತ್ತಿರ. ಇಳಿಯುವಾಗ ಮೊದಲು ಮೋಷನ್ ಆರಿಸಿ, ಆಮೇಲೆ ಬೆಲ್ಟ್ ಬಿಚ್ಚಿ. ತಿಂಗಳಿಗೊಮ್ಮೆ ಅಲೆನ್ ಕೀ ಹಿಡಿದು ಎಲ್ಲ ಬೋಲ್ಟ್ ನೋಡಿ, ಸಡಿಲವಾದದ್ದು ಒಂದಾದರೂ ಸಿಗುತ್ತದೆ.

ಹೊರದೇಶದಿಂದ ತರಿಸುವುದೋ, ಇಲ್ಲೇ ಕೊಳ್ಳುವುದೋ?

ವೆಬ್‌ಸೈಟಿನ ಡಾಲರ್ ಬೆಲೆ ನೋಡಿ ಖುಷಿಪಡಬೇಡಿ. ಸಾಗಣೆ, ಕಸ್ಟಮ್ಸ್ ಸುಂಕ, ಐಜಿಎಸ್‌ಟಿ ಸೇರಿಸಿ ಬಾಗಿಲಿಗೆ ಬರುವ ಬೆಲೆಯನ್ನು ಬರೆದು ಕೊಡಲು ಹೇಳಿ. ಆಕ್ಚುಯೇಟರ್‌ಗಳು ಭಾರ, ಒಂದು ಕೆಟ್ಟರೆ ವಾರಂಟಿಗೆ ವಾಪಸ್ ಕಳಿಸುವ ಖರ್ಚು ಯಾರದ್ದು ಎಂಬುದೇ ಮುಖ್ಯ ಪ್ರಶ್ನೆ. ನಾನು ತರಿಸಿದ ಕಂಟ್ರೋಲರ್ ಬೋರ್ಡ್ ಒಂದು ಹಾಳಾಗಿ ಬಂದು, ಮಾರಿದವರು ಹೊಸದು ಕಳಿಸಲು ಒಪ್ಪಿದರೂ ಹಳೆಯದನ್ನು ಕಳಿಸುವ ಖರ್ಚು ಬೋರ್ಡಿನ ಬೆಲೆಯನ್ನೇ ಮೀರಿತು. ಈಗ ಅದು ಮೇಜಿನ ಮೇಲೆ ಪೇಪರ್ ಹಾರದಂತೆ ಕಾಯುತ್ತಿದೆ.

ಕೊಳ್ಳುವ ಮೊದಲು ಕೂತು ನೋಡುವ ಅವಕಾಶ ಸಿಕ್ಕರೆ ಏನು ನೋಡಲಿ?

ಅವರು ಡೆಮೊಗೆ ಇಟ್ಟ ಟ್ರ್ಯಾಕ್ ಬೇಡ ಎನ್ನಿ. ಡೆಮೊ ಸೆಟ್ಟಿಂಗು ಯಾವಾಗಲೂ ಮದುವೆ ಮನೆಯ ಲೈಟಿಂಗ್ ಇದ್ದ ಹಾಗೆ, ಎಲ್ಲ ಜಾಸ್ತಿ. ನಿಮಗೆ ಬಾಯಿಪಾಠವಿರುವ ಟ್ರ್ಯಾಕ್ ಹಾಕಿಸಿ, ಚಲನೆಯನ್ನು ಅರ್ಧಕ್ಕೆ ಇಳಿಸಲು ಹೇಳಿ, ಇಪ್ಪತ್ತು ನಿಮಿಷ ಓಡಿಸಿ. ಐದು ನಿಮಿಷಕ್ಕೆ ಎಲ್ಲ ರಿಗ್ಗೂ ಚೆನ್ನಾಗಿರುತ್ತದೆ. ಒಂದು ಸಲ ಬೇಕೆಂದೇ ಹಿಂದಿನ ಚಕ್ರ ಜಾರಿಸಿ, ಮೊದಲು ಗೊತ್ತಾದದ್ದು ಕಣ್ಣಿಗೋ ಮೈಗೋ ಗಮನಿಸಿ. ಆಮೇಲೆ ಹೆಡ್‌ಫೋನ್ ತೆಗೆದು ಎರಡು ಲ್ಯಾಪ್ ಹಾಕಿ, ಯಂತ್ರದ ಸದ್ದು ಕೇಳಿ. ಕೊನೆಗೆ ಮೋಷನ್ ಪೂರ್ತಿ ಆರಿಸಲು ಹೇಳಿ ಇನ್ನೊಂದು ಲ್ಯಾಪ್. ಕಾರು ಸತ್ತಂತೆ ಅನ್ನಿಸಿದರೆ ಬೆಲೆ ಕೇಳಿ. "ಅಬ್ಬಾ, ಆರಾಮ" ಅನ್ನಿಸಿದರೆ ಥ್ಯಾಂಕ್ಸ್ ಹೇಳಿ ಹೊರಬಂದು ಕಾಫಿ ಕುಡಿಯಿರಿ.